ಬಾಗಿಲಲ್ಲಿ ನಿಂತವಳು ಯಾರು

ನನ್ನ ಗಂಡನ ಅಕ್ಕ ಪಾತಮ್ಮ ಬುದ್ಧಿ ಬಂದಾಗಿನಿಂದ ಯಾರನ್ನೂ ಪೂರ್ತಿ ನಂಬಿದವಳಲ್ಲ. ಅವಳ ಊರು ರಾಂಪುರದಿಂದ ನಮ್ಮ ಚಳ್ಳಕೆರೆಗೆ ಬರುವ ಬಸ್ಸಿಗೆ ಬೋರ್ಡು ಇರುತ್ತದೆ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಚಳ್ಳಕೆರೆ, ಚಳ್ಳಕೆರೆ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಅಷ್ಟಾದರೂ ಈಕೆ ಡ್ರೈವರನ್ನು ಒಮ್ಮೆ ಕೇಳುತ್ತಾಳೆ, ಒಳಗೆ ಕೂತವರಲ್ಲಿ ಮರ್ಯಾದಸ್ಥರಂತೆ ಕಾಣುವ ಯಾರನ್ನಾದರೂ ಆರಿಸಿ ಇನ್ನೊಮ್ಮೆ ಕೇಳುತ್ತಾಳೆ, ಆಮೇಲೂ ತಳಕು ದಾಟುವ ತನಕ ಕಿಟಕಿಯಿಂದ ಕಣ್ಣು ತೆಗೆಯುವುದಿಲ್ಲ. ನನ್ನನ್ನು ಹೆಣ್ಣು ನೋಡಲು ಬಂದ ದಿನ ಮಾತಾಡುತ್ತಾ ಆಡುತ್ತಾ ಹಿಂದೆ ಬಂದು ನನ್ನ ಜಡೆಯನ್ನು ಹಿಡಿದು ಜಗ್ಗಿದ್ದಳು, ಚೌರಿ ಸೇರಿಸಿದ್ದಾರೇನೋ ಎಂದು. ಜಡೆ ಬರಲಿಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ಆಗಲೇ ಅವಳು ತೃಪ್ತಿಯಿಂದ ಎಲೆಅಡಿಕೆ ತೆಗೆದುಕೊಂಡದ್ದು.

ಅವಳ ಬಾಯಲ್ಲಿ ಸದಾ ಒಂದು ಮಾತು. ಮೊಳಕಾಲ್ಮುರು ಸೀಮೆಯವಳಾದ್ದರಿಂದ ಕನ್ನಡದ ನಡುವೆ ತೆಲುಗು ತಾನಾಗಿಯೇ ನುಗ್ಗುತ್ತದೆ. ಹಾಲು ತೆಳ್ಳಗಿದ್ದರೆ, ನಾಯಿ ಸುಮ್ಮನಿದ್ದರೆ, ಪಕ್ಕದ ಮನೆಯವರು ಕರೆದು ಕಾಫಿ ಕೊಟ್ಟರೆ, ಕಣ್ಣು ಕಿರಿದು ಮಾಡಿ, "ಏಮೋ ಉಂದಿ" ಅನ್ನುತ್ತಾಳೆ. ಏನೋ ಇದೆ ಎಂದರ್ಥ. ಏನೂ ಇರುವುದಿಲ್ಲ. ಆದರೆ ಅವಳು ಹಾಗಂದ ಮೇಲೆ ನಮಗೂ ಏನೋ ಇದ್ದಂತೆ ಕಾಣಲು ಶುರುವಾಗುತ್ತದೆ.

ಇಂಥವಳಿಗೆ ದೇವರು ಕೊಟ್ಟ ಗಂಡ ಚಿತ್ತಪ್ಪಣ್ಣ. ಕುರಿಗಾರ. ಮನೆಯಲ್ಲಿ ಇರುವುದಕ್ಕಿಂತ ಊರೂರ ಹೊಲಗಳಲ್ಲಿ ಇರುವುದೇ ಹೆಚ್ಚು. ನಮ್ಮ ಕಡೆ ಶೇಂಗಾ ಕಿತ್ತಾದ ಮೇಲೆ ಹೊಲ ಖಾಲಿ ಬೀಳುತ್ತದೆ. ಆಗ ಹೊಲದವರು ಕುರಿಮಂದೆ ಕರೆಸಿ ರಾತ್ರಿ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ, ಹಿಕ್ಕೆ ಗಂಜಲ ನೆಲಕ್ಕೆ ಬಿದ್ದು ಗೊಬ್ಬರವಾಗಲಿ ಎಂದು. ಚಿತ್ತಪ್ಪಣ್ಣ ದೀಪಾವಳಿ ಮುಗಿಯುತ್ತಿದ್ದಂತೆ ಮಂದೆ ಹೊಡೆದುಕೊಂಡು ಹೊರಟರೆ ಚಳ್ಳಕೆರೆ, ನಾಯಕನಹಟ್ಟಿ ಕಡೆಯೆಲ್ಲ ಹೊಲದಿಂದ ಹೊಲಕ್ಕೆ ತಿರುಗಿ, ಸಂಕ್ರಾಂತಿಯ ಹಿಂದೆಮುಂದೆ ಮನೆ ಸೇರುತ್ತಿದ್ದ. ಬಂದ ಕೂಡಲೇ ನೀರು ಕೊಡುವುದು, ಯೋಗಕ್ಷೇಮ ಕೇಳುವುದು, ಅದೆಲ್ಲ ಆಮೇಲಿನ ಮಾತು. ಪಾತಮ್ಮ ಮೊದಲು ಅವನ ಹೆಗಲಿನ ಕಂಬಳಿಯನ್ನು ಕಿತ್ತುಕೊಂಡು ಮೂಲೆಮೂಲೆ ಮೂಸುತ್ತಿದ್ದಳು.

"ಮನುಷ್ಯ ಬಾಯಲ್ಲಿ ಏನಾರ ಹೇಳ್ತಾನೆ. ಕಂಬ್ಳಿ ಮಲಗಿದ ಜಾಗ ಹೇಳ್ತೈತೆ," ಎನ್ನುವುದು ಅವಳ ವಾದ. ಕುರಿ ನಾತ, ಹೊಗೆ, ಮಣ್ಣು ಇದ್ದರೆ ಸರಿ. ಬೇರೆ ಇನ್ನೇನಾದರೂ ಇದ್ದರೆ ವಿಚಾರಣೆ. ಒಂದು ವರ್ಷ ಹುರಿಗಡಲೆ ವಾಸನೆ ಬಂದಿತೆಂದು ಆ ಬಡಪಾಯಿ ಎರಡು ದಿನ ಲೆಕ್ಕ ಒಪ್ಪಿಸಬೇಕಾಯಿತು.

ಸಾವಿರದ ಒಂಬೈನೂರ ತೊಂಬತ್ತೆಂಟರ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ನಾನು ಜಂಪರು ಹೊಲಿಯುತ್ತಾ ಕೂತಿದ್ದೆ. ಬಾಗಿಲು ಕತ್ತಲಾಯಿತು. ತಲೆಯೆತ್ತಿ ನೋಡಿದರೆ ಅತ್ತಿಗೆ, ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದು ಕೈಯಲ್ಲಿ ಕಂಬಳಿ.

"ಪ್ರಭು ಎಲ್ಲಿ?" ಎಂದಳು. ಪ್ರಭು ನನ್ನ ಗಂಡ. ಎಣ್ಣೆ ಮಿಲ್ಲಿನಲ್ಲಿ ಪಾಳಿ ಕೆಲಸ.

"ಮಿಲ್ಲಿಗೆ ಹೋಗಿದಾರೆ. ಯಾಕತ್ತಿಗೆ, ಟ್ರಂಕು?"

"ಇನ್ನು ಇಲ್ಲೇ ಇರ್ತೀನಿ. ಆ ಮನೆಗೆ ನಾನು ವಾಪಸ್ ಹೋಗಾಕಿಲ್ಲ."

ನನಗೆ ಗಾಬರಿಯಾಯಿತು. ಸುಳ್ಳೇಕೆ ಹೇಳಲಿ, ಅವಳ ಸಂಸಾರ ಮುರಿಯಿತಲ್ಲ ಎಂದಲ್ಲ. ನಮ್ಮದು ಎರಡೇ ಕೋಣೆಯ ಮನೆ, ಅದರಲ್ಲೊಂದನ್ನು ಹೊಲಿಗೆ ಯಂತ್ರ ನುಂಗಿಕೊಂಡಿದೆ. ಈಕೆ ಇಲ್ಲಿ ಉಳಿದರೆ ನಾನು ಸಾರಿಗೆ ಹಾಕುವ ಉಪ್ಪಿಗೂ ಸಾಕ್ಷಿ ಬೇಕಾಗುತ್ತದೆ. ಅವಳು ಕೂರುವ ಮುನ್ನವೇ ಹೇಗಾದರೂ ಇವಳನ್ನು ಗಂಡನಿಗೆ ಒಪ್ಪಿಸಬೇಕು ಎಂದು ನಿಶ್ಚಯ ಮಾಡಿದೆ.

ನಡೆದದ್ದು ಇಷ್ಟು. ಚಿತ್ತಪ್ಪಣ್ಣನ ಜೊತೆ ಕುರಿ ಕಾಯುವ ಜೋಗಪ್ಪ ಏನೋ ಕೆಲಸಕ್ಕೆ ಊರಿಗೆ ಬಂದವನು, ಅಂಚು ಹರಿದ ಕಂಬಳಿಯನ್ನು ಹೊಲಿಸಿಕೊಂಡು ಬಾ ಎಂದು ಚಿತ್ತಪ್ಪಣ್ಣ ಕೊಟ್ಟಿದ್ದನ್ನು ಪಾತಮ್ಮನ ಕೈಗೆ ಕೊಟ್ಟಿದ್ದ. ಅವಳು ವಾಡಿಕೆಯಂತೆ ಮೂಸಿದಳು. ಕುರಿ ನಾತದ ಜೊತೆಗೆ ಲೋಬಾನದ ವಾಸನೆ. ಅದರ ಜೊತೆಗೆ ದೀಪದ ಎಣ್ಣೆ. ಬಯಲಲ್ಲಿ ಕುರಿ ಕಾಯುವವನಿಗೆ ಲೋಬಾನ ಹಾಕುವವರು ಯಾರು, ದೀಪ ಹಚ್ಚಿಡುವವರು ಯಾರು? ಅವಳು ಜೋಗಪ್ಪನನ್ನು ಹಿಡಿದುಕೊಂಡಳು. ಅವನಿಗೂ ಬಾಯಿ ಕೆರೆಯುತ್ತಿತ್ತೆಂದು ಕಾಣುತ್ತದೆ.

"ಅದೇನಮ್ಮ, ಕಾರ್ತೀಕ ಬಂತು ಅಂದ್ರೆ ನಿನ್ ಗಂಡ ನಾಯಕನಹಟ್ಟಿ ಕಡೆ ದ್ರಾಕ್ಷಾಯಣಮ್ಮನ ಹೊಲ ಬಿಟ್ಟು ಅಲ್ಲಾಡಲ್ಲ. ಬ್ಯಾರೆಯೋರು ಜಾಸ್ತಿ ಕೊಡ್ತೀವಿ ಅಂದ್ರೂ ಅಲ್ಲೇ ಮಂದೆ ಹಾಕ್ಬೇಕು. ಹೊತ್ತು ಮುಳುಗ್ತಿದ್ದಂಗೆ ಆ ಮನೆ ಕಡೀಕೆ ಹೋಗ್ತಾನೆ. ಬಂದ ಮ್ಯಾಲೆ ಯಾವಳೋ ಮ್ಯಾಲೆ ಪದ ಹೇಳ್ಕಂತಾ ಕೂತ್ಕಂತಾನೆ. ದೀಪ ಹಿಡ್ಕಂಡು ಬಾಗ್ಲಾಗೆ ನಿಂತಿದ್ಲಂತೆ, ಕಮಲದಂಥ ಕಣ್ಣಂತೆ, ಸೇವಂತಿಗೆ ಮುಡ್ಕಂಡಿದ್ಲಂತೆ."

ಇಷ್ಟು ಸಾಕಾಯಿತು ಪಾತಮ್ಮನಿಗೆ. ನನ್ನೆದುರು ಬೆರಳು ಮಡಚುತ್ತಾ ಸಾಕ್ಷಿ ಜೋಡಿಸಿದಳು.

"ನಮ್ಮೂರ ಕೆರ್ಯಾಗೆ ನೀರೇ ಇಲ್ಲ. ಕಮಲ ಇವನು ಎಲ್ಲಿ ನೋಡ್ದ? ನಾಯಕನಹಟ್ಟಿ ಕಡೆ ದೊಡ್ಡ ಕೆರೆ ಐತೆ. ಸರಿ ಹೋತಾ? ಸೇವಂತಿಗೆ ನಾನು ಯಾವತ್ತು ಮುಡಿದಿದ್ದೆ? ಸೀನು ಬರ್ತೈತೆ ನಂಗೆ. ಅದೂ ಸರಿ ಹೋತಾ? ಲೋಬಾನ, ದೀಪ, ಹೆಂಗ್ಸು. ಏಮೋ ಉಂದಿ ಗೀತಾ, ಏಮೋ ಉಂದಿ."

ಅದು ಹಳೆಯ ಕಾಲದ ಪದ್ಯವೇನೋ ಅತ್ತಿಗೆ, ಅಂಥ ಪದ್ಯಗಳಲ್ಲಿ ಎಲ್ಲ ಹೆಂಗಸರಿಗೂ ಕಮಲದ ಕಣ್ಣೇ ಇರುತ್ತದೆ ಎಂದು ನಾನು ಹೇಳಿ ನೋಡಿದೆ. ಎಸ್ಸೆಸ್ಸೆಲ್ಸಿ ತನಕ ಓದಿದವಳು ನಾನು. ಚಳಿಗಾಲದ ಸಂಜೆಯನ್ನು ವರ್ಣಿಸುವ ಪದ್ಯಗಳಿಗೆ ಭಾವಾರ್ಥ ಬರೆದು ಬರೆದು ಕೈ ಸೋತಿತ್ತು. ಆ ಕವಿಗಳ ಮೇಲೆ ನನಗೂ ಅನುಮಾನವೇ. ನಿಜವಾಗಿ ಚಳಿಯಾದವನು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾನೆಯೇ ಹೊರತು ಹೊರಗೆ ನಿಂತು ಇಬ್ಬನಿ, ಚಂದ್ರ ಎಂದು ಹಾಡುವುದಿಲ್ಲ. ಆದರೆ ಪಾತಮ್ಮನ ಅನುಮಾನ ನನ್ನದಕ್ಕಿಂತ ದೊಡ್ಡದು. ಅವಳ ಪ್ರಕಾರ ಇಲ್ಲದ ಹೆಂಗಸಿನ ಮೇಲೆ ಯಾವ ಗಂಡಸೂ ಹಾಡು ಕಟ್ಟುವುದಿಲ್ಲ. ಪದವೆಂದ ಮೇಲೆ ಅದಕ್ಕೊಬ್ಬಳು ಇರಬೇಕು, ಅವಳಿಗೊಂದು ಬಾಗಿಲಿರಬೇಕು.

"ಹಂಗಾದ್ರೆ ಕಣ್ಣಾರೆ ನೋಡ್ಕಂಡು ಬರೋಣ ನಡೀರಿ," ಎಂದೆ. ಅವಳ ಅನುಮಾನ ತೀರಿಸುವುದಕ್ಕಿಂತ ಟ್ರಂಕು ವಾಪಸು ಕಳಿಸುವ ಆತುರ ನನಗೆ. ಮಿಲ್ಲಿನಿಂದ ಬಂದ ನಮ್ಮ ಮನೆಯವರು ಅಕ್ಕನ ಮುಖ ನೋಡಿ, "ನಾನು ಬರಲ್ಲಪ್ಪ, ಭಾವನ ಮುಖ ಹೆಂಗೆ ನೋಡ್ಲಿ," ಎಂದು ಜಾರಿಕೊಂಡರು. ಹೀಗಾಗಿ ಮಧ್ಯಾಹ್ನದ ಮೇಲೆ ನಾವಿಬ್ಬರೇ ನಾಯಕನಹಟ್ಟಿ ಬಸ್ಸು ಹತ್ತಿದೆವು. ಪಾತಮ್ಮ ಕಂಡಕ್ಟರನ್ನು ಕೇಳಿದಳು, ಡ್ರೈವರನ್ನು ಕೇಳಿದಳು, ಮುಂದಿನ ಸೀಟಿನ ಮುದುಕನನ್ನೂ ಕೇಳಿದಳು. ಕಂಬಳಿ ಅವಳ ತೊಡೆಯ ಮೇಲೇ ಇತ್ತು. ಆಗಾಗ ಮೂಗಿನ ಹತ್ತಿರ ತಂದುಕೊಂಡು ಕೋಪವನ್ನು ಹಸಿಯಾಗಿ ಇಟ್ಟುಕೊಳ್ಳುತ್ತಿದ್ದಳು.

ಬಸ್ಸಿಳಿದು ಜೋಗಪ್ಪ ಹೇಳಿದ ಗುರುತು ಹಿಡಿದು ಹೊಲದ ಬದುವಿನ ಮೇಲೆ ನಡೆಯುವಷ್ಟರಲ್ಲಿ ಸೂರ್ಯ ಬೆಟ್ಟದ ತಲೆ ಮುಟ್ಟಿದ್ದ. ಶೇಂಗಾ ಕಿತ್ತ ಹೊಲಗಳು ಕೆಂಪಗೆ ಬೋಳಾಗಿ ಬಿದ್ದಿದ್ದವು. ಅಷ್ಟರಲ್ಲೇ ಚಳಿ ಕಾಲಿಗೆ ಹತ್ತುತ್ತಿತ್ತು. ದೂರದಲ್ಲಿ ಕುರಿಗಳನ್ನು ಬಲೆಯ ಬೇಲಿಯೊಳಗೆ ಕೂಡಿದ್ದರು, ಮರಿಗಳು ತಾಯಿಯನ್ನು ಹುಡುಕಿ ಕೂಗುತ್ತಿದ್ದವು. ಹೊಲದ ಅಂಚಿಗೆ ಒಂದು ಹೆಂಚಿನ ಮನೆ, ಮುಂದೆ ಜಗುಲಿ, ಪಕ್ಕದಲ್ಲಿ ಶೇಂಗಾ ಹೊಟ್ಟಿನ ಬಣವೆ. ಪಾತಮ್ಮ ನನ್ನ ರೆಟ್ಟೆ ಹಿಡಿದು ಬಣವೆಯ ಮರೆಗೆ ಎಳೆದುಕೊಂಡಳು.

ಜಗುಲಿಯ ಮೇಲೆ ಒಬ್ಬ ಮುದುಕರು ಗೋಡೆಗೊರಗಿ ಕೂತಿದ್ದರು. ಕಣ್ಣು ಕಾಣುವುದಿಲ್ಲವೆಂಬುದು ಅವರು ತಲೆಯೆತ್ತಿಕೊಂಡಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ತಿಳಿಯಿತು, ಅವರು ಮುರುಗೇಂದ್ರಪ್ಪ ಮೇಷ್ಟ್ರು, ದ್ರಾಕ್ಷಾಯಣಮ್ಮನ ಮಾವ, ರಿಟೈರಾಗಿ ಬಹಳ ಕಾಲವಾಗಿತ್ತು. ಅವರ ಕಾಲ ಬಳಿ ಒಂದು ಮಣ್ಣಿನ ಬಟ್ಟಲಲ್ಲಿ ಕೆಂಡದ ಮೇಲೆ ಲೋಬಾನ ಹೊಗೆಯಾಡುತ್ತಿತ್ತು. ಸೊಳ್ಳೆ ಕಾಟಕ್ಕೆ. ಜಗುಲಿಯ ಕೆಳಗೆ ನೆಲದ ಮೇಲೆ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಪಾಠಕ್ಕೆ ಕೂತವನ ಹಾಗೆ ಚಿತ್ತಪ್ಪಣ್ಣ ಕೂತಿದ್ದ.

ಲೋಬಾನದ ಲೆಕ್ಕ ಸರಿಹೋಯಿತಲ್ಲ ಎಂದು ನಾನು ಅತ್ತಿಗೆಯ ಕಿವಿಯಲ್ಲಿ ಹೇಳುವಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಒಬ್ಬ ಹೆಂಗಸು ದೀಪ ಹಿಡಿದು ಹೊರಗೆ ಬಂದಳು. ಗಾಳಿಗೆ ಆರದಿರಲೆಂದು ಕೈ ಮರೆ ಮಾಡಿಕೊಂಡು ಹೊಸ್ತಿಲಲ್ಲಿ ನಿಂತಳು. ತಲೆಯಲ್ಲಿ ಸೇವಂತಿಗೆ.

ಪಾತಮ್ಮನ ಉಗುರು ನನ್ನ ತೋಳಿನಲ್ಲಿ ಇಳಿಯಿತು.

"ನೋಡ್ದೆಯಾ? ಹಾಡಿನಾಗೆ ಹೆಂಗೈತೋ ಹಂಗೇ," ಎಂದಳು.

ಆ ಹೆಂಗಸು, ದ್ರಾಕ್ಷಾಯಣಮ್ಮ, ರಸ್ತೆಯ ಕಡೆ ಒಮ್ಮೆ ನೋಡಿ ದೀಪವನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು, "ಎಣ್ಣೆ ಸಾಕಾ ನೋಡಣ್ಣ," ಎಂದಳು. ಚಿತ್ತಪ್ಪಣ್ಣ ಎದ್ದು ಕುಡಿ ಸರಿಮಾಡಿ, ಬೆರಳಿಗೆ ಹತ್ತಿದ ಎಣ್ಣೆಯನ್ನು ಹೊದ್ದಿದ್ದ ಹಚ್ಚಡಕ್ಕೆ ಒರೆಸಿಕೊಂಡು ಮತ್ತೆ ಕೂತ. ಅವಳು ಒಳಗೆ ಹೋದಳು. ಎಣ್ಣೆಯ ಲೆಕ್ಕವೂ ಸರಿಹೋಯಿತು. ಆದರೆ ಹೆಂಗಸಿನ ಲೆಕ್ಕ ಬಾಕಿ ಇತ್ತು.

ಆಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೇಳತೊಡಗಿದರು. ಹಾಡೂ ಅಲ್ಲ, ಮಾತೂ ಅಲ್ಲ, ನಡುವಿನ ಒಂದು ಧಾಟಿ.

ಕಿರಿಯ ಹಗಲದು ಸರಿಯೆ ಕಾರ್ತಿಕ
ದಿರುಳು ಬೆಟ್ಟವನಿಳಿದು ಬರುತಿರೆ
ಮರಳದಿನಿಯನ ದಾರಿ ನೋಡುತ ಮನೆಯ ಬಾಗಿಲಲಿ
ಉರಿವ ಸೊಡರಿನ ಕುಡಿಗೆ ಕೈಯನು
ಮರೆಯ ಮಾಡುತ ನಿಂದಳೊಬ್ಬಳು
ಸರಸಿಜಾಕ್ಷಿಯು ಮುಡಿದ ಸೇವಂತಿಗೆಯು ಬಾಡುತಿರೆ

ಶಾಲೆಯಲ್ಲಿ ಇಂಥದ್ದನ್ನು ಎಷ್ಟೋ ಬಾಯಿಪಾಠ ಮಾಡಿದ್ದೆ. ಅವತ್ತು ಬಣವೆಯ ಹಿಂದೆ ಚಳಿಗೆ ಸೆರಗು ಹೊದ್ದು ನಿಂತಾಗ, ಎದುರಿಗೇ ಕತ್ತಲೆ ಬೆಟ್ಟದಿಂದ ಇಳಿದು ಬರುತ್ತಿರುವಾಗ, ಇದು ಬೇರೆಯೇ ಕೇಳಿಸಿತು. ಹಗಲು ಚಿಕ್ಕದಾಗಿದೆ, ಯಾರೋ ಬಂದಿಲ್ಲ. ಅಷ್ಟೇ ತಾನೆ ವಿಷಯ. ಆದರೂ ನನಗೆ ಮಿಲ್ಲಿನ ಪಾಳಿ ಮುಗಿಸಿ ತಡವಾಗಿ ಬರುವ ನಮ್ಮ ಮನೆಯವರ ನೆನಪು ಬಂತು.

ಮೇಷ್ಟ್ರು ಸೊಡರು ಎಂದರೆ ದೀಪ, ಇನಿಯ ಎಂದರೆ ಗಂಡ, ಸರಸಿಜಾಕ್ಷಿ ಎಂದರೆ ಕಮಲದ ಕಣ್ಣಿನವಳು ಎಂದು ಬಿಡಿಸಿ ಹೇಳಿದರು. ಚಿತ್ತಪ್ಪಣ್ಣ ತಲೆದೂಗುತ್ತಾ ಕೇಳಿ, ಕೊನೆಗೆ, "ಆಕೆ ಉಂಡಿದ್ಲಾ ಮೇಷ್ಟ್ರೇ?" ಎಂದ.

"ಪ್ರತಿ ವರ್ಷ ಅದೇ ಕೇಳ್ತೀಯಲ್ಲೋ ಚಿತ್ತಪ್ಪ. ಕವಿ ಅದನ್ನ ಹೇಳಿಲ್ಲ."

"ಉಂಡಿರಲ್ಲ ಬಿಡ್ರಿ. ನಮ್ಮಾಕೆನೂ ಹಂಗೇ. ನಾನು ಮಂದೆ ಹೊಡ್ಕಂಡು ಬಂದ್ ಮ್ಯಾಲೆ ದಿನಾ ಸಂಜೆ ದೀಪ ಹಚ್ಚಿ ಬಾಗ್ಲಾಗೆ ನಿಂತಿರ್ತಾಳೆ. ಉಣ್ಣಲ್ಲ. ಈ ಪದ ಕೇಳಿದ್ರೆ ಆಕೆ ನಿಂತಿರೋದು ಕಂಡಂಗಾಗ್ತೈತೆ ನಂಗೆ. ಅದ್ಕೇ ಕಾರ್ತೀಕದಾಗೆ ನಿಮ್ ಹೊಲ ಬಿಟ್ಟು ಹೋಗಾಕೆ ಮನ್ಸು ಬರಲ್ಲ."

ನನ್ನ ಕಣ್ಣು ತುಂಬಿತು. ಜೊತೆಗೆ, ಗೆದ್ದೆ ಎಂದುಕೊಂಡೆ. ಇನ್ನೇನು ಅತ್ತಿಗೆ ಕರಗಿ ನೀರಾಗುತ್ತಾಳೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಟ್ರಂಕು ಏರಿಸಿದರಾಯಿತು. ತಿರುಗಿ ನೋಡುತ್ತೇನೆ, ಅವಳು ಪಕ್ಕದಲ್ಲಿಲ್ಲ. ಬಣವೆಯ ಹೊಟ್ಟು ಮೈಮೇಲೆಲ್ಲ ಅಂಟಿಸಿಕೊಂಡು ಜಗುಲಿಯ ಮುಂದೆ ನಿಂತಿದ್ದಾಳೆ.

"ಯಾವಳು ಆಕೆ?" ಎಂದು ಗರ್ಜಿಸಿದಳು.

ಚಿತ್ತಪ್ಪಣ್ಣನ ಕೋಲು ಕೆಳಗೆ ಬಿತ್ತು.

"ಏ, ನೀನು… ಇಲ್ಲಿಗೆ ಹೆಂಗೆ…"

"ದೀಪ ಹಿಡ್ಕಂಡು ಉಣ್ಣದಂಗೆ ನಿಂತಿರೋಳು ಯಾವಳು ಹೇಳು! ನಾನಂತೂ ಅಲ್ಲ. ನಾನು ಹೊತ್ತು ಮುಳುಗೋದ್ರಾಗೆ ಮುದ್ದೆ ಉಂಡು, ಅಗಳಿ ಹಾಕಿ ಮಲಗ್ತೀನಿ. ನಾಯಿ ಬೊಗಳಿದ್ರೂ ಏಳಲ್ಲ. ಒಂದು ದಿನನಾರ ನಾನು ಬಾಗ್ಲಾಗೆ ನಿಂತಿದ್ದು ನೋಡೀಯಾ ನೀನು?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಚಿತ್ತಪ್ಪಣ್ಣನ ಮುಖ ಹಾಗಿತ್ತು. ಕೈಯಲ್ಲಿದ್ದ ಏನನ್ನೋ ಯಾರೋ ಕಸಿದುಕೊಂಡರೆ ಮಕ್ಕಳ ಮುಖ ಹೇಗಾಗುತ್ತದೆಯೋ ಹಾಗೆ.

"ನಿಂತಿರ್ತೀಯ ಅಂದ್ಕಂಡಿದ್ದೆ," ಎಂದ ಮೆಲ್ಲಗೆ.

"ಇಷ್ಟು ವರ್ಷನೂ?"

"ಹೂಂ. ಇಷ್ಟು ವರ್ಷನೂ. ಬಯಲಾಗೆ ಚಳೀಗೆ ಕೂತಾಗ ಅದ್ನೇ ನೆನೆಸ್ಕಂತಿದ್ದೆ."

ಪಾತಮ್ಮ ಬಂದದ್ದು ಒಬ್ಬ ಹೆಂಗಸನ್ನು ಹಿಡಿಯಲಿಕ್ಕೆ. ಸಿಕ್ಕಿದ್ದು ಅವಳದೇ ಹೆಸರಿಟ್ಟುಕೊಂಡ, ಅವಳಿಗಿಂತ ಒಳ್ಳೆಯವಳಾದ ಇನ್ನೊಬ್ಬಳು. ಅವಳ ಜೊತೆ ಜಡೆ ಜಗ್ಗಿ ಜಗಳವಾಡುವುದಾದರೂ ಹೇಗೆ? ಅತ್ತಿಗೆ ಗಂಡನ ಕಡೆಗೇ ತಿರುಗಿದಳು.

"ನಿಲ್ಬೇಕು ಅಂದ್ರೆ ಬರೋ ದಿನ ಹೇಳಿ ಹೋಗಿದ್ಯೇನು ನೀನು? ಸಂಕ್ರಾಂತಿ ಹಿಂದೆಮುಂದೆ ಅಂತೀಯ. ಯಾವತ್ತಿನ ಸಂಜೆ ಅಂತ ನಿಲ್ಲಲಿ ನಾನು? ಮೇಷ್ಟ್ರೇ, ನೀವೇ ಹೇಳ್ರಿ. ನಿಮ್ ಹಾಡಿನಾಕೆಗೆ ಗಂಡ ದಿನ ಹೇಳಿ ಹೋಗಿದ್ನಾ?"

ಮೇಷ್ಟ್ರು ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು. "ಇಲ್ಲಮ್ಮ. ಹಾಗೇನೂ ಹೇಳಿಲ್ಲ," ಎಂದರು.

"ಹಂಗಾದ್ರೆ ಇವತ್ತೇ ನಿಲ್ಬೇಕು ಅಂತ ಆಕೆಗೆ ಹೆಂಗೆ ಗೊತ್ತಾತು? ಇದ್ಯಾರೋ ಗಂಡಸು ಬರ್ದಿರೋದು. ಏಮೋ ಉಂದಿ ಇದರಾಗೆ."

ಗಲಾಟೆ ಕೇಳಿ ಹೊರಗೆ ಬಂದಿದ್ದ ದ್ರಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸುತ್ತಾ ಬಾಗಿಲಲ್ಲೇ ನಿಂತಿದ್ದಳು. ಬಂದವಳು ಯಾರು, ಯಾಕೆ ಬಂದಳು ಎಂಬುದೆಲ್ಲ ಅವಳಿಗೆ ಅಷ್ಟರಲ್ಲಿ ಅರ್ಥವಾಗಿತ್ತೆಂದು ಕಾಣುತ್ತದೆ, ಮುಖ ಕೆಂಪಗಾಗಿತ್ತು. ಆದರೂ ಬೈಯಲಿಲ್ಲ.

"ಗೊತ್ತಿರಲ್ಲಮ್ಮ. ಗೊತ್ತಿರಲ್ಲ ಅಂತಾನೇ ದಿನಾ ನಿಲ್ತಾಳೆ," ಎಂದಳು. "ನಮ್ಮನೆಯೋರು ಲಾರಿ ಓಡಿಸ್ತಾರೆ. ಇವತ್ತು ಅಂತಾರೆ, ನಾಳಿದ್ದು ಬರ್ತಾರೆ. ನಾನು ದೀಪ ಇಡೋ ನೆಪದಾಗೆ ಒಂದ್ಸಲ ರಸ್ತೆ ನೋಡ್ತೀನಿ. ಹೂವು ಅವರಿಗೆ ಇಷ್ಟ ಅಂತ ಮುಡೀತೀನಿ."

ಪಾತಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂಬಿದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಜಗುಲಿಯ ಅಂಚಿಗೆ ಕೂತು ಮೇಷ್ಟ್ರಿಗೆ, "ಇನ್ನೊಂದ್ಸಲ ಹೇಳ್ರಿ. ಅಲ್ಲಿಂದ ನಂಗೆ ಅರ್ಧ ಕೇಳಿಸ್ಲಿಲ್ಲ," ಎಂದಳು.

ಮೇಷ್ಟ್ರು ಹೇಳಿದರು. ಅವಳು ಒಂದೊಂದು ಸಾಲಿಗೂ ತಡೆದು, ಸೊಪ್ಪಿನ ಕಟ್ಟು ಬಿಚ್ಚಿ ನೋಡುವವಳ ಹಾಗೆ ಬಿಚ್ಚಿ ನೋಡಿದಳು. ಹಗಲು ಯಾಕೆ ಕಿರಿಯದು? ಸರಿ, ಕಾರ್ತೀಕದಲ್ಲಿ ಹೌದು. ಇರುಳು ಬೆಟ್ಟ ಇಳಿಯುತ್ತದೆಯೇ? ತಿರುಗಿ ಬೆಟ್ಟ ನೋಡಿದಳು. ಇಳಿದಿತ್ತು. ಹೂವು ಬಾಡುವುದು ಸರಿ. ಕಮಲದ ಕಣ್ಣು ಮಾತ್ರ ಒಪ್ಪಲಿಲ್ಲ. ಕಾದು ಕಾದು ಕೂತವಳ ಕಣ್ಣು ಕೆಂಪಗೆ ಊದಿಕೊಂಡಿರುತ್ತದೆ, ಕಮಲ ಎಲ್ಲಿಂದ ಬರಬೇಕು ಎಂದು ಮೇಷ್ಟ್ರನ್ನೇ ದಬಾಯಿಸಿದಳು. ಕಮಲದಲ್ಲಿ ಕೆಂಪು ಕಮಲವೂ ಉಂಟಮ್ಮ ಎಂದು ಮೇಷ್ಟ್ರು ನಕ್ಕರು.

ಆಮೇಲೆ ಕೈ ಮರೆ ಮಾಡುವ ಸಾಲನ್ನು ಮತ್ತೆ ಹೇಳಿಸಿ, ಅವಳು ಎದ್ದು ಗೂಡಿನಿಂದ ದೀಪ ತೆಗೆದುಕೊಂಡು ಹೊಸ್ತಿಲಲ್ಲಿ ನಿಂತಳು, ಪರೀಕ್ಷೆ ಮಾಡುವವಳ ಹಾಗೆ. ಗಾಳಿ ಬೀಸಿತು. ಕೈ ಅಡ್ಡ ಹಿಡಿದಳು. ಕುಡಿ ಬಾಗಿ ಮತ್ತೆ ನೆಟ್ಟಗಾಯಿತು, ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಗೆ ಸೋರಿತು. ಜೀವಮಾನವೆಲ್ಲ ಕಳೆ ಕಿತ್ತು, ಹಟ್ಟಿ ಬಳಿದು ಒರಟಾದ ಕೈ ಅದು. ಒಳಗಿನಿಂದ ದೀಪ ಹಚ್ಚಿದ ಹಾಗೆ ಕಂಡಿತು. ಅವಳೂ ಅದನ್ನೇ ನೋಡುತ್ತಿದ್ದಳು.

"ಬೆರಳು ಕೆಂಪಗಾಗ್ತಾವೆ," ಎಂದಳು. "ಅದನ್ನ ಬರೆದಿಲ್ಲ ಅವನು."

ಜಗುಲಿಯ ಕೆಳಗೆ ನಿಂತಿದ್ದ ಚಿತ್ತಪ್ಪಣ್ಣ ಅವಳನ್ನು ನೋಡುತ್ತಲೇ ಇದ್ದ. ಎಷ್ಟೋ ವರ್ಷ ಕಣ್ಣು ಮುಚ್ಚಿ ಕಂಡದ್ದನ್ನು ಈಗ ಕಣ್ಣು ಬಿಟ್ಟು ನೋಡುತ್ತಿದ್ದ, ಪಾಪ.

"ಕಾರ್ತೀಕದ ಕಡೇ ಸೋಮವಾರ," ಎಂದ ಕೊನೆಗೆ. "ಅವತ್ತು ಸಂಜೆ ಬರ್ತೀನಿ. ಜೋಗಪ್ಪ ಮಂದೆ ನೋಡ್ಕಂತಾನೆ."

"ಬರ್ತೀಯಾ?"

"ಬರ್ತೀನಿ."

"ನೋಡಾನ," ಎಂದಳು ಪಾತಮ್ಮ. ಆದರೂ ಟ್ರಂಕು ಮಾರನೆಯ ದಿನವೇ ರಾಂಪುರದ ಬಸ್ಸು ಹತ್ತಿತು.

ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ಮಂದೆ ಎಲ್ಲೇ ಇರಲಿ, ಕಾರ್ತೀಕದ ಕಡೆಯ ಸೋಮವಾರ ಚಿತ್ತಪ್ಪಣ್ಣ ಬಸ್ಸು ಹಿಡಿದೋ ನಡೆದೋ ಊರು ಸೇರುತ್ತಿದ್ದ. ಪಾತಮ್ಮ ಹೊತ್ತು ಮುಳುಗುವಾಗ ದೀಪ ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಓಣಿಯವರು ಮೊದಲು ನಕ್ಕರು, ಆಮೇಲೆ ನೋಡಲೆಂದೇ ಜಗುಲಿಗೆ ಬಂದು ಕೂರತೊಡಗಿದರು. ಒಂದು ವರ್ಷ ನಾವೂ ಹೋಗಿದ್ದೆವು. ಗಂಡ ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಇವಳ ಮುಖ ಅರಳಿತು. ಹತ್ತಿರ ಬರುತ್ತಿದ್ದಂತೆ ಅದನ್ನು ಬಿಗಿದುಕೊಂಡಳು. ದೀಪವನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಕಂಬಳಿ ಎಳೆದುಕೊಂಡು ಮೂಸಿದಳು. ಚಿತ್ತಪ್ಪಣ್ಣ ಹೊಸ್ತಿಲ ಆಚೆಯೇ ನಿಂತು, ಮೇಷ್ಟ್ರ ಧಾಟಿಯಲ್ಲೇ, ಹೊಸದೊಂದನ್ನು ಹೇಳಿದ.

ಬರಲಿ ಮೊದಲಿಗೆ ಒಳಗೆ, ಕಂಬಳಿ
ತಿರುವಿ ಮೂಸುವೆ, ಎಲ್ಲಿ ಮಲಗಿದೆ,
ಕುರಿಯ ನಾತವೆ ಇರಲಿ, ಬೇರೆಯ ಗಂಧ ಬಂದರೆ ಕೇಳ್,
ಹೊರಗೆ ಮಲಗೆಂದಾಕೆ ಬಾಗಿಲ
ನೊರಗಿ ನಿಂದಳು, ದೀಪವಾರದೆ
ಉರಿಯುತಿರ್ದುದು, ಅವಳ ಕಣ್ಣಿನ ಒಳಗೆ ಸಂಶಯವು

ಓಣಿಯೆಲ್ಲ ಹೋ ಎಂದು ನಕ್ಕಿತು. ಪಾತಮ್ಮ, "ಬಾ ಒಳಗೆ, ಸಾಕು ನಿನ್ ಪದ," ಎಂದು ಗದರಿದಳಾದರೂ ಅವತ್ತು ಊಟಕ್ಕೆ ಕೂತಾಗ ಅವಳ ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ, ಬಾಯಿಪಾಠ ಮಾಡುತ್ತಿದ್ದಳು. ಅದನ್ನು ಚಿತ್ತಪ್ಪಣ್ಣನೇ ಕಟ್ಟಿದನೋ, ಮೇಷ್ಟ್ರು ಕಟ್ಟಿಕೊಟ್ಟರೋ, ನನಗೆ ಇವತ್ತಿಗೂ ಅನುಮಾನ. ಕೇಳಿದರೆ ಇಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಿದ್ದರು. ಏನೋ ಇತ್ತು ಅದರಲ್ಲಿ.

ಎರಡು ಸಾವಿರದ ಆರನೇ ಇಸವಿಯ ಭಾದ್ರಪದದಲ್ಲಿ ಚಿತ್ತಪ್ಪಣ್ಣ ತೀರಿಕೊಂಡ. ಹಟ್ಟಿಯಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಂದೆಯನ್ನು ಜೋಗಪ್ಪ ತೆಗೆದುಕೊಂಡ. ಮಣ್ಣು ಮಾಡುವಾಗ ಯಾರೋ ಕಂಬಳಿಯನ್ನೂ ಜೊತೆಗಿಡೋಣ ಎಂದರು. ಪಾತಮ್ಮ ಕೊಡಲಿಲ್ಲ.

ದೀಪಾವಳಿಯ ಮುಂದೆ ನಾನೇ ಹೋಗಿ ಅವಳನ್ನು ಚಳ್ಳಕೆರೆಗೆ ಕರೆತಂದೆ. ಹೊಲಿಗೆ ಯಂತ್ರವನ್ನು ಅಡಿಗೆ ಕೋಣೆಯ ಮೂಲೆಗೆ ತಳ್ಳಿ ಟ್ರಂಕಿಗೆ ಜಾಗ ಮಾಡಿದೆ. ಈಗ ಅವಳು ನನ್ನ ಸಾರಿನ ಉಪ್ಪು ನೋಡುವುದಿಲ್ಲ. ಹಾಲಿನವನಿಗೆ ಏನೂ ಅನ್ನುವುದಿಲ್ಲ. ಅವಳ ಬಾಯಲ್ಲಿ ಆ ತೆಲುಗು ಮಾತು ಕೇಳಿ ಎಷ್ಟೋ ದಿನವಾಯಿತು, ಅದೇ ನನಗೆ ಹೆದರಿಕೆ.

ಕಾರ್ತೀಕ ಹಿಡಿದ ಮೇಲೆ ಸಂಜೆಯಾದರೆ ಅವಳು ದೀಪ ಹಚ್ಚಿ ಬಾಗಿಲಿಗೆ ಹೋಗುತ್ತಾಳೆ. ದೇವರಿಗೆಂದು ನಾನು ಅಂದುಕೊಂಡಿದ್ದೆ. ಮೊನ್ನೆ ಕರೆಂಟು ಹೋಗಿತ್ತು, ಓಣಿಯೆಲ್ಲ ಕತ್ತಲೆ. ಮುದ್ದೆ ಇಳಿಸಿ ಕರೆಯಲು ಬಂದರೆ ಹೊಸ್ತಿಲಲ್ಲಿ ನಿಂತಿದ್ದಳು, ಕುಡಿಗೆ ಕೈ ಅಡ್ಡ ಹಿಡಿದು, ಹೆಗಲ ಮೇಲೆ ಆ ಕಂಬಳಿ. ಬೆರಳು ಕೆಂಪಗೆ ಕಾಣುತ್ತಿದ್ದವು. ಬಾಯಲ್ಲಿ ಮೇಷ್ಟ್ರ ಪದ್ಯ ಮೆಲ್ಲಗೆ ನಡೆದಿತ್ತು, ಕಿರಿಯ ಹಗಲದು ಸರಿಯೆ ಎಂದು.

"ಚಳಿ ಐತೆ, ಒಳಗೆ ಬರ್ರಿ ಅತ್ತಿಗೆ. ಹೊತ್ತು ಮುಳುಗೋದ್ರಾಗೆ ಉಣ್ಣೋರು ನೀವು, ಇನ್ನೂ ಉಂಡಿಲ್ಲ," ಎಂದೆ. "ಕಡೇ ಸೋಮವಾರ ಇನ್ನೂ ದೂರ ಐತಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಈ ಸಲ ದಿನ ಹೇಳಿ ಹೋಗ್ಲಿಲ್ಲ ಕಣೆ ಗೀತಾ," ಎಂದಳು. "ಅದ್ಕೇ ದಿನಾ ನಿಲ್ತೀನಿ."